ಮನೆಯಿಂದ ಹೊಲಕ್ಕೆ ನಿಸ್ತಂತು ಇಂಟರ್ನೆಟ್: ಉಪಕರಣಗಳ ಜೋಡಣೆ ಹಾಗೂ ಪರೀಕ್ಷೆ

ಕೊಳವೆ ಬಾವಿಯ ಮೋಟಾರನ್ನು ಮನೆಯಿಂದಲೇ ಚಾಲನೆ ಮಾಡುವ ಸಾಧನ, ಮಣ್ಣಿನ ತೇವಾಂಶ ಅಳೆಯುವ ಸಾಧನ, ಸ್ವಯಂಚಾಲಿತ ಹವಾಮಾನ ಮಾಪಕ, ತೋಟ ಕಾಯುವ ಕ್ಯಾಮೆರಾ ಮುಂತಾದುವು ಇತ್ತೀಚಿನ ವರ್ಷಗಳಲ್ಲಿ ನಮ್ಮ ರೈತರ ಹೊಲ ತೋಟಗಳನ್ನು ಸೇರುತ್ತಿವೆ. ಇವು ಕೆಲಸ ಮಾಡಬೇಕಾದರೆ ಹೊಲದಲ್ಲಿ ಇಂಟರ್ನೆಟ್ ಸಂಪರ್ಕ ಇರಬೇಕು. ಸಾಮಾನ್ಯವಾಗಿ ಇಂಟರ್ನೆಟ್ ತಂತಿ ಊರಿನ ಮನೆಯವರೆಗೆ ಬಂದು ನಿಲ್ಲುತ್ತದೆ. ಹೊಲವಾದರೋ ಒಂದೆರಡು ಕಿಲೋಮೀಟರ್ ಆಚೆ ಇರುತ್ತದೆ. ಈ ಅಂತರವನ್ನು ತಂತಿಯಿಲ್ಲದೆ, ರೇಡಿಯೊ ತರಂಗಗಳ ಮೂಲಕ ದಾಟಿಸುವ ವ್ಯವಸ್ಥೆಗೆ ಸ್ಥಿರ ನಿಸ್ತಂತು ಸಂಪರ್ಕ ಎಂದು ಹೆಸರು. ಎರಡು ಕಂಬಗಳು, ಎರಡು ರೇಡಿಯೊ ಪೆಟ್ಟಿಗೆಗಳು ಇದ್ದರೆ ಈ ಕೆಲಸ ಸಾಧ್ಯ. ಆದರೆ ಬೇಸಿಗೆಯಲ್ಲಿ ಅಳವಡಿಸಿದ ಸಂಪರ್ಕ ಮುಂಗಾರಿನಲ್ಲಿ ಕೈಕೊಟ್ಟಿತೆಂದು ರೈತರು ದೂರುವುದು ಅಪರೂಪವಲ್ಲ. ಇದಕ್ಕೆ ಉಪಕರಣಕ್ಕಿಂತ ಹೆಚ್ಚಾಗಿ, ಜಾಗವನ್ನು ಸರಿಯಾಗಿ ನೋಡದೆ ಜೋಡಿಸುವುದು ಹಾಗೂ ಪರೀಕ್ಷೆ ಮಾಡದೆ ಹಣ ಪಾವತಿ ಮಾಡುವುದು ಕಾರಣ. ಆದ್ದರಿಂದ ಈ ಬಗ್ಗೆ ರೈತ ಬಾಂಧವರೂ ವಿಸ್ತರಣಾ ಕಾರ್ಯಕರ್ತರೂ ತಿಳಿದಿರಬೇಕಾದ ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಹಳ್ಳಿಗಳಿಗೆ ನಿಸ್ತಂತು ಸಂಪರ್ಕ ಹೊಸದೇನೂ ಅಲ್ಲ. ಮದ್ರಾಸಿನ ಐ.ಐ.ಟಿ.ಯಲ್ಲಿ ಪ್ರಾಧ್ಯಾಪಕ ಅಶೋಕ್ ಝುನ್‌ಝುನ್‌ವಾಲಾ ಅವರ ತಂಡ 1990ರ ದಶಕದಲ್ಲಿ ಕಾರ್‌ಡೆಕ್ಟ್ ಎಂಬ ವ್ಯವಸ್ಥೆಯನ್ನು ರೂಪಿಸಿತು. ಗೋಪುರದಿಂದ ಸುಮಾರು 10 ಕಿ.ಮೀ. ಒಳಗಿನ ಹಳ್ಳಿಗಳಿಗೆ ದೂರವಾಣಿಯನ್ನೂ ನಿಧಾನಗತಿಯ ಇಂಟರ್ನೆಟ್ಟನ್ನೂ ಅದು ಒದಗಿಸಿತು. 2000ರ ದಶಕದಲ್ಲಿ ತಮಿಳುನಾಡಿನ ಥೇಣಿಯ ಅರವಿಂದ ಕಣ್ಣಿನ ಆಸ್ಪತ್ರೆಯವರು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ತಂಡದ ನೆರವಿನಿಂದ ವೈಫೈ ರೇಡಿಯೊಗಳನ್ನೇ ದೂರದೂರದ ಹಳ್ಳಿಯ ಕೇಂದ್ರಗಳಿಗೆ ಜೋಡಿಸಿದರು. ಅಲ್ಲಿಯ ರೋಗಿಗಳನ್ನು ಆಸ್ಪತ್ರೆಯ ವೈದ್ಯರು ಪರದೆಯ ಮೇಲೆ ನೋಡುವಂತಾಯಿತು. ಗ್ರಾಮ ಪಂಚಾಯಿತಿಗಳಿಗೆ ಗಾಜಿನ ಎಳೆಯ ತಂತಿ ಒಯ್ಯುವ ಕೇಂದ್ರ ಸರ್ಕಾರದ ಯೋಜನೆ 2011ರಲ್ಲಿ ಮಂಜೂರಾಯಿತು. ಇದೇ ಈಗಿನ ಭಾರತ್‌ನೆಟ್. 2023ರಿಂದ ದೊಡ್ಡ ದೂರವಾಣಿ ಸಂಸ್ಥೆಗಳು 5ಜಿ ಗೋಪುರದಿಂದ ನೇರವಾಗಿ ಮನೆಯ ಚಾವಣಿಗೆ ಇಂಟರ್ನೆಟ್ ಕೊಡುವ ಸೇವೆಯನ್ನೂ ಆರಂಭಿಸಿವೆ. ಹೊಲದಲ್ಲಿಯೇ ಮೊಬೈಲ್ ಸಂಕೇತ ಚೆನ್ನಾಗಿ ಸಿಗುವುದಾದರೆ ಒಂದು ಸಿಮ್ ಹಾಕಿದ ಸಾಧನವೇ ಸಾಕು. ಕಂಬ ನೆಡುವ ಖರ್ಚು ಬೇಡ. ಸಂಕೇತ ಸಿಗದ ಕಡೆ ಮಾತ್ರ ಮುಂದೆ ಹೇಳುವ ವ್ಯವಸ್ಥೆಯನ್ನು ಆಲೋಚಿಸಬೇಕು.

ಪರವಾನಗಿ ಬೇಕೆ?

ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು 2005ರಲ್ಲಿ ಹಾಗೂ 5 ಗಿಗಾಹರ್ಟ್ಸ್ ಪಟ್ಟಿಯ ಬಹುಭಾಗವನ್ನು 2018ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಲಾಗಿದೆ. ನಿಗದಿಪಡಿಸಿದ ಶಕ್ತಿಯ ಮಿತಿಯೊಳಗೆ ಯಾರು ಬೇಕಾದರೂ ಇವನ್ನು ಬಳಸಬಹುದು. ಕೊಳ್ಳುವಾಗ ದೂರಸಂಪರ್ಕ ಇಲಾಖೆಯ ಅನುಮೋದನೆ ಇರುವ ಉಪಕರಣವನ್ನೇ ಕೊಳ್ಳಬೇಕು ಮತ್ತು ಅದರಲ್ಲಿ ದೇಶವನ್ನು ಭಾರತ ಎಂದೇ ನಮೂದಿಸಬೇಕು. ಅಕ್ಕಪಕ್ಕದವರಿಗೆ ಹಣ ಪಡೆದು ಇಂಟರ್ನೆಟ್ ಹಂಚುವ ಮಾತು ಬೇರೆ. ಅದಕ್ಕೆ ಸರ್ಕಾರದ ನಿಯಮಗಳಿವೆ. ಸೇವೆ ಒದಗಿಸುವವರ ಒಪ್ಪಿಗೆಯಿಲ್ಲದೆ ಹಾಗೆ ಮಾಡಬಾರದು.

ದಾರಿಯ ಆಯ್ಕೆ

ಈ ತರಂಗಗಳಿಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ನೇರ ದೃಷ್ಟಿರೇಖೆ ಬೇಕು. ಮನೆಯ ಚಾವಣಿಯ ಮೇಲೆ ನಿಂತು ನೋಡಿದರೆ ಪಂಪ್ ಮನೆ ಕಾಣಬೇಕು. ದೂರ ಹೆಚ್ಚಿದ್ದರೆ ಒಬ್ಬರು ಪಂಪ್ ಮನೆಯ ಬಳಿ ಉದ್ದನೆಯ ಬಿದಿರಿನ ತುದಿಗೆ ಬಿಳಿ ಬಟ್ಟೆ ಕಟ್ಟಿ ಎತ್ತಿ ಹಿಡಿಯಬಹುದು, ಇಲ್ಲವೇ ಕನ್ನಡಿಯಿಂದ ಬಿಸಿಲನ್ನು ಚಾವಣಿಯ ಕಡೆಗೆ ಹಾಯಿಸಬಹುದು.

ಆದರೆ ಕಣ್ಣಿಗೆ ಕಂಡರಷ್ಟೇ ಸಾಲದು. ತರಂಗಗಳು ದಾರದಂತೆ ಒಂದೇ ಗೆರೆಯಲ್ಲಿ ಹೋಗುವುದಿಲ್ಲ. ನಡುವೆ ಉಬ್ಬಿ ಎರಡು ತುದಿಗಳಲ್ಲಿ ಸಪೂರವಾದ ಸೌತೆಕಾಯಿಯ ಆಕಾರದ ಜಾಗವನ್ನು ಆಕ್ರಮಿಸಿ ಸಾಗುತ್ತವೆ. ಇದಕ್ಕೆ ಫ್ರೆಂಚ್ ವಿಜ್ಞಾನಿಯ ಹೆಸರಿನಲ್ಲಿ ಫ್ರೆನೆಲ್ ವಲಯ ಎನ್ನುತ್ತಾರೆ. ದೃಷ್ಟಿರೇಖೆಯ ಸುತ್ತ ಈ ವಲಯದ ಶೇಕಡಾ 60 ಭಾಗವಾದರೂ ಖಾಲಿ ಇರಬೇಕು. 5.8 ಗಿಗಾಹರ್ಟ್ಸ್ ಪಟ್ಟಿಯಲ್ಲಿ, ದಾರಿಯ ನಡುಮಧ್ಯದಲ್ಲಿ ಬೇಕಾಗುವ ತೆರವು ಹೀಗಿದೆ:

ಅರ್ಧ ಕಿ.ಮೀ. ದೂರಕ್ಕೆ — 1.5 ಮೀಟರ್
1 ಕಿ.ಮೀ. ದೂರಕ್ಕೆ — 2.2 ಮೀಟರ್
2 ಕಿ.ಮೀ. ದೂರಕ್ಕೆ — 3.1 ಮೀಟರ್
3 ಕಿ.ಮೀ. ದೂರಕ್ಕೆ — 3.7 ಮೀಟರ್

2.4 ಗಿಗಾಹರ್ಟ್ಸ್ ಪಟ್ಟಿಯಾದರೆ ಈ ತೆರವು ಇನ್ನೂ ಹೆಚ್ಚು, ಅಂದರೆ 1 ಕಿ.ಮೀ.ಗೆ 3.4 ಮೀಟರ್ ಬೇಕು.

ಒಂದು ಉದಾಹರಣೆ ನೋಡೋಣ. ಮನೆಯಿಂದ ಪಂಪ್ ಮನೆಗೆ 1 ಕಿ.ಮೀ. ದೂರ, ನಡುವೆ ಸಮತಟ್ಟಾದ ಕಬ್ಬಿನ ಗದ್ದೆ. ಕಬ್ಬು 3.5 ಮೀಟರ್ ಬೆಳೆಯುವುದೆಂದು ಎಣಿಸಿದರೆ ದೃಷ್ಟಿರೇಖೆ ನಡುಮಧ್ಯದಲ್ಲಿ 5.7 ಮೀಟರಿಗಿಂತ ಮೇಲಿರಬೇಕು. ಚಾವಣಿಯ ಕಂಬದ ತುದಿ ನೆಲದಿಂದ 8 ಮೀಟರ್ ಇದ್ದರೆ, ಪಂಪ್ ಮನೆಯ ಬಳಿ 4 ಮೀಟರ್ ಸಾಕೆಂದು ತೋರುತ್ತದೆ. ಆದರೆ ಪಂಪ್ ಮನೆಯ ಕಡೆಗೆ ಹೋದಂತೆ ರೇಖೆ ಕೆಳಗಿಳಿಯುತ್ತದೆ, ಕಬ್ಬು ಮಾತ್ರ ಅಷ್ಟೇ ಎತ್ತರ ಇರುತ್ತದೆ. ಆದುದರಿಂದ ಅಲ್ಲಿಯ ಕಂಬ 5 ಮೀಟರ್ ಇರಬೇಕಾಗುತ್ತದೆ. ಇಷ್ಟು ಎತ್ತರ ಸುಲಭಸಾಧ್ಯ. ಅದೇ ದಾರಿಯ ಮಧ್ಯೆ 12 ಮೀಟರ್ ಎತ್ತರದ ಅಡಿಕೆ ತೋಟ ಇದ್ದರೆ ರೇಖೆ ಅಲ್ಲಿ 14 ಮೀಟರಿಗೂ ಮೇಲೆ ಹಾಯಬೇಕು. ಆಗ ಪಂಪ್ ಮನೆಯ ಬಳಿ ಸುಮಾರು 20 ಮೀಟರ್ ಕಂಬ ಬೇಕಾಗುತ್ತದೆ! ಇಂತಹ ಕಡೆ ಕಂಬಕ್ಕೆ ಹಣ ಸುರಿಯುವ ಬದಲು ತೋಟದ ಅಂಚಿನಲ್ಲಿ ದೃಷ್ಟಿರೇಖೆ ಸಿಗುವ ಸ್ಥಳವನ್ನು ಹುಡುಕಿ, ಅಲ್ಲಿಂದ ಪಂಪ್ ಮನೆಗೆ ತಂತಿ ಎಳೆಯುವುದು ಲೇಸು. ಈ ತಂತಿ 100 ಮೀಟರ್ ಮೀರಬಾರದು.

ಎಲೆಗಳಲ್ಲಿ ನೀರಿನ ಅಂಶವಿರುವುದರಿಂದ ಗಿಡಮರಗಳು ಈ ತರಂಗಗಳನ್ನು ಹೀರಿಕೊಳ್ಳುತ್ತವೆ. ಮಳೆಯಲ್ಲಿ ನೆನೆದ ಎಲೆಗಳು ಇನ್ನೂ ಹೆಚ್ಚು ಹೀರುತ್ತವೆ. 5 ಗಿಗಾಹರ್ಟ್ಸಿನಲ್ಲಿ ಜೋರು ಮಳೆಯ ಹನಿಗಳಿಂದ ಆಗುವ ನಷ್ಟ ಕಿ.ಮೀ.ಗೆ ಒಂದು ಡೆಸಿಬೆಲ್‌ಗಿಂತ ಕಡಿಮೆ. ಮುಂಗಾರಿನಲ್ಲಿ ಸಂಪರ್ಕ ಕೆಡಲು ಮಳೆಗಿಂತ ನೆನೆದ ಮರ ಹಾಗೂ ನೀರು ಸೇರಿದ ತಂತಿಯ ಕೊಂಡಿಗಳೇ ಮುಖ್ಯ ಕಾರಣವೆಂದು ಇದರಿಂದ ತಿಳಿಯುತ್ತದೆ. ಎಲೆ ಉದುರಿದ ಕಾಲದಲ್ಲಿ ದಾರಿ ಆರಿಸುವಾಗ ಚಿಗುರಿದ ಮರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಬದುವಿನ ಮೇಲಿನ ಸರ್ವೆ, ನೀಲಗಿರಿ, ಸಿಲ್ವರ್ ಓಕ್ ಮರಗಳು ಬೇಗ ಬೆಳೆಯುತ್ತವೆ. ಇಂದಿನ ಎತ್ತರವನ್ನಲ್ಲದೆ ಐದು ವರ್ಷದ ನಂತರದ ಎತ್ತರವನ್ನು ಲೆಕ್ಕ ಹಿಡಿಯಬೇಕು. ನೆರೆಯವರ ಜಮೀನಿನ ಮರ ನಮ್ಮ ಮಾತಿಗೆ ಒಳಪಟ್ಟದ್ದಲ್ಲ ಎಂಬುದನ್ನೂ ಮರೆಯಬಾರದು.

ಕಂಬ ಮತ್ತು ತಂತಿ

1. ಕಂಬಕ್ಕೆ ದಪ್ಪ ಗೋಡೆಯ ಜಿ.ಐ. ಪೈಪನ್ನು ಬಳಸಬೇಕು. ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿ, ಬುಡಕ್ಕೆ ಕಾಂಕ್ರೀಟ್ ಹಾಕಿ, ಮೂರು ಕಡೆ ತಂತಿಯಿಂದ ಬಿಗಿಯಬೇಕು. ತೆಂಗಿನ ಮರಕ್ಕೆ ರೇಡಿಯೊ ಕಟ್ಟುವುದು ಸರಿಯಲ್ಲ. ಮರ ಗಾಳಿಗೆ ತೂಗಿದಾಗಲೆಲ್ಲ ದಿಕ್ಕು ತಪ್ಪುತ್ತದೆ, ಗರಿಗಳು ಅಡ್ಡ ಬರುತ್ತವೆ.

2. ವಿದ್ಯುತ್ ಕಂಬಕ್ಕೆ ರೇಡಿಯೊ ಕಟ್ಟಲೇಕೂಡದು. ನಮ್ಮ ಕಂಬ ಬಿದ್ದರೂ ವಿದ್ಯುತ್ ತಂತಿಗೆ ತಾಗದಷ್ಟು ದೂರದಲ್ಲಿ ಅದನ್ನು ನೆಡಬೇಕು. ಪೈಪನ್ನು ಎತ್ತುವಾಗ ಮೇಲಿನ ತಂತಿಯನ್ನು ನೋಡದೆ ಪ್ರಾಣ ಕಳೆದುಕೊಳ್ಳುವ ಅವಘಡಗಳು ಆಗುತ್ತವೆ. ಆದ್ದರಿಂದ ಮೊದಲು ಮೇಲೆ ನೋಡಬೇಕು, ಅನಂತರ ಪೈಪಿಗೆ ಕೈ ಹಾಕಬೇಕು.

3. ರೇಡಿಯೊಗೆ ವಿದ್ಯುತ್ತೂ ಮಾಹಿತಿಯೂ ಒಂದೇ ಈಥರ್ನೆಟ್ ತಂತಿಯಲ್ಲಿ ಹೋಗುತ್ತವೆ. ಪೂರ್ಣ ತಾಮ್ರದ, ಬಿಸಿಲು ತಡೆಯುವ, ಹೊರಾಂಗಣಕ್ಕೆಂದೇ ತಯಾರಿಸಿದ ತಂತಿಯನ್ನು ಕೇಳಿ ಪಡೆಯಬೇಕು. ಅಲ್ಯೂಮಿನಿಯಂಗೆ ತಾಮ್ರ ಲೇಪಿಸಿದ ಅಗ್ಗದ ತಂತಿಯಲ್ಲಿ ವೋಲ್ಟೇಜು ಹೆಚ್ಚು ಕುಸಿಯುತ್ತದೆ.

4. ರೇಡಿಯೊ ಜೊತೆ ಬಂದ ವಿದ್ಯುತ್ ಪೂರೈಕೆಯ ಡಬ್ಬಿಯನ್ನೇ ಉಪಯೋಗಿಸಬೇಕು. ಕೆಲವು 24 ವೋಲ್ಟಿನವು, ಕೆಲವು 48 ವೋಲ್ಟಿನವು. ಅದಲುಬದಲಾದರೆ ರೇಡಿಯೊ ಸುಟ್ಟುಹೋಗಬಹುದು.

5. ತಂತಿ ಕಟ್ಟಡದೊಳಗೆ ಪ್ರವೇಶಿಸುವ ಮೊದಲು ಕೆಳಕ್ಕೆ ಒಂದು ಬಾಗು ಬಿಡಬೇಕು. ಮಳೆನೀರು ಆ ಬಾಗಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ಹೊಲದಲ್ಲಿ ತಂತಿಯನ್ನು ಪೈಪಿನೊಳಗೆ ಹುದುಗಿಸಿ, ಇಲಿ ಅಳಿಲುಗಳಿಂದ ರಕ್ಷಿಸಬೇಕು. ಪೆಟ್ಟಿಗೆಯ ರಂಧ್ರಗಳನ್ನು ಮುಚ್ಚದಿದ್ದರೆ ಇರುವೆ ಗೂಡು ಕಟ್ಟುತ್ತದೆ.

ಸಿಡಿಲು ಮತ್ತು ಭೂಸಂಪರ್ಕ

ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಮುಂಗಾರು ಪೂರ್ವ ಮಳೆಯಲ್ಲಿ ಗುಡುಗು ಸಿಡಿಲು ಹೆಚ್ಚು. ಬಯಲಿನ ನಡುವೆ ಎತ್ತರವಾಗಿ ನಿಂತ ಕಬ್ಬಿಣದ ಕಂಬಕ್ಕೆ ಭೂಸಂಪರ್ಕ ಕಡ್ಡಾಯ. ಸುಮಾರು 2.5 ರಿಂದ 3 ಮೀಟರ್ ಆಳಕ್ಕೆ ಭೂಸಂಪರ್ಕದ ಸರಳನ್ನು ಇಳಿಸಿ, ಕಂಬವನ್ನು ದಪ್ಪ ತಂತಿಯಿಂದ ಅದಕ್ಕೆ ಜೋಡಿಸಬೇಕು. ವಿದ್ಯುತ್ ಮೀಟರಿನ ಭೂಸಂಪರ್ಕವನ್ನೂ ಇದರೊಂದಿಗೆ ಕೂಡಿಸುವಂತೆ ಪರವಾನಗಿ ಪಡೆದ ವಿದ್ಯುತ್ ಕೆಲಸಗಾರರಿಗೆ ಹೇಳಬೇಕು. ಒಣಗಿದ ಮಣ್ಣು ವಿದ್ಯುತ್ತನ್ನು ಸರಿಯಾಗಿ ಒಯ್ಯುವುದಿಲ್ಲ. ಸಿಡಿಲಿನ ಕಾಲ ಬರುವಾಗಲೇ ನೆಲ ಅತ್ಯಂತ ಒಣಗಿರುತ್ತದೆ. ಕೆಂಪು ಮಣ್ಣು ತೇವ ಬೇಗ ಕಳೆದುಕೊಳ್ಳುತ್ತದೆ. ಎರೆ ಮಣ್ಣು ಬಿರುಕು ಬಿಟ್ಟು ಸರಳಿನಿಂದ ದೂರ ಸರಿಯುತ್ತದೆ. ಆದಕಾರಣ ಮಾರ್ಚಿನಿಂದಲೇ ಭೂಸಂಪರ್ಕದ ಗುಂಡಿಗೆ ವಾರಕ್ಕೊಮ್ಮೆ ನೀರು ಹಾಕುತ್ತಿರಬೇಕು. ಈಥರ್ನೆಟ್ ತಂತಿಯ ಎರಡೂ ತುದಿಗಳಲ್ಲಿ ಸಿಡಿಲು ತಡೆ ಸಾಧನ ಹಾಕಿಸುವುದು ಒಳ್ಳೆಯದು. ಇಷ್ಟೆಲ್ಲ ಮಾಡಿದರೂ ನೇರವಾಗಿ ಬಡಿಯುವ ಸಿಡಿಲನ್ನು ಯಾವ ಸಾಧನವೂ ತಡೆಯಲಾರದು. ಮೋಡ ಕವಿಯುವಾಗಲೇ ತಂತಿಗಳನ್ನು ಬಿಡಿಸಿಡಬೇಕು. ಗುಡುಗು ಆರಂಭವಾದ ಮೇಲೆ ಅವುಗಳನ್ನು ಮುಟ್ಟಬಾರದು.

ವಿದ್ಯುತ್ ಪೂರೈಕೆ

ಪಂಪ್‌ಸೆಟ್ ಮಾರ್ಗದಲ್ಲಿ ದಿನಕ್ಕೆ ಕೆಲವೇ ಗಂಟೆ ವಿದ್ಯುತ್ತು ಇರುವುದರಿಂದ ಬ್ಯಾಟರಿ ಅಗತ್ಯ. ಹೊಲದ ರೇಡಿಯೊ ಮತ್ತು ರೂಟರ್ ಸೇರಿ 12 ವ್ಯಾಟ್ ಬಳಸುತ್ತವೆ, ದಿನಕ್ಕೆ 7 ಗಂಟೆ ವಿದ್ಯುತ್ತು ಇದೆ ಎನ್ನೋಣ. ಉಳಿದ 17 ಗಂಟೆಗೆ 204 ವ್ಯಾಟ್-ಗಂಟೆ, ಅಂದರೆ 12 ವೋಲ್ಟಿನ ಬ್ಯಾಟರಿಯಿಂದ 17 ಆಂಪಿಯರ್-ಗಂಟೆ ಬೇಕು. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯುಷ್ಯ ಕುಗ್ಗುತ್ತದೆ. ಆದ್ದರಿಂದ 34 ಹಾಗೂ ಇತರ ನಷ್ಟಗಳೂ ಸೇರಿ 40 ಆಂಪಿಯರ್-ಗಂಟೆಯ ಬ್ಯಾಟರಿ ಸೂಕ್ತ. ಏಳು ಗಂಟೆಯಲ್ಲಿ ಅದು ಮತ್ತೆ ತುಂಬಲು 3 ರಿಂದ 4 ಆಂಪಿಯರಿನ ಚಾರ್ಜರ್ ಬೇಕು.

ದಿಕ್ಕು ಹೊಂದಿಸುವ ಕ್ರಮ

ಎರಡೂ ರೇಡಿಯೊಗಳನ್ನು ಕಂಬ ಏರಿಸುವ ಮೊದಲು ಮನೆಯಲ್ಲೇ ಮೇಜಿನ ಮೇಲಿಟ್ಟು, ಶಕ್ತಿಯನ್ನು ಕನಿಷ್ಠಕ್ಕೆ ಇಳಿಸಿ, ಒಂದಕ್ಕೊಂದು ಜೋಡಿಸಿ ನೋಡಬೇಕು. ಗುಪ್ತಪದಗಳನ್ನು ಆಗಲೇ ಬದಲಿಸಬೇಕು. ಹೀಗೆ ಮಾಡಿದರೆ ಕಂಬದ ಮೇಲೆ ಬರುವ ತೊಂದರೆ ಉಪಕರಣದ್ದಲ್ಲ ಎಂದು ಖಚಿತವಾಗುತ್ತದೆ.

ನಂತರ ಒಂದೊಂದು ತುದಿಯಲ್ಲಿ ಒಬ್ಬೊಬ್ಬರು ನಿಂತು ದೂರವಾಣಿಯಲ್ಲಿ ಮಾತನಾಡುತ್ತಾ ಹೊಂದಿಸಬೇಕು. ಒಂದು ತುದಿ ಅಲುಗಬಾರದು. ಇನ್ನೊಂದನ್ನು ಮೊದಲು ಎಡಬಲಕ್ಕೆ, ಅನಂತರ ಮೇಲೆ ಕೆಳಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸಿ, ಪ್ರತಿ ಸಲವೂ ಕೆಲವು ಸೆಕೆಂಡು ಕಾದು ಅಂಕೆ ಓದಬೇಕು. ಅಂಟೆನಾದ ಮುಖ್ಯ ಕಿರಣದ ಅಕ್ಕಪಕ್ಕದಲ್ಲಿ ದುರ್ಬಲವಾದ ಉಪಕಿರಣಗಳು ಇರುತ್ತವೆ. ಉಪಕಿರಣದಲ್ಲಿ ಸಿಕ್ಕಿದ ಸಂಕೇತವನ್ನೇ ಉತ್ತಮವೆಂದು ಭಾವಿಸಿ ಬಿಗಿದುಬಿಡುವುದು ಸಾಮಾನ್ಯವಾಗಿ ಆಗುವ ತಪ್ಪು. ಆದ್ದರಿಂದ ಎರಡೂ ಕಡೆಗೆ ಸಾಕಷ್ಟು ದೂರ ತಿರುಗಿಸಿ ನೋಡಿ, ಅತ್ಯುಚ್ಚ ಅಂಕೆ ಬಂದಲ್ಲಿಗೆ ಮರಳಬೇಕು. ಬೋಲ್ಟು ಬಿಗಿದ ಮೇಲೂ ಅಂಕೆ ಕುಸಿದಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು.

ಎಷ್ಟು ಸಂಕೇತ ಬರಬೇಕು?

ಬರಬೇಕಾದ ಸಂಕೇತವನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳುವುದು ಪರೀಕ್ಷೆಯ ಜೀವಾಳ. ರೇಡಿಯೊ ಕಳಿಸುವ ಶಕ್ತಿ 20 ಡಿಬಿಎಂ, ಎರಡೂ ಅಂಟೆನಾಗಳ ವರ್ಧನೆ 16ರಂತೆ 32. ಒಟ್ಟು 52. 5.8 ಗಿಗಾಹರ್ಟ್ಸಿನಲ್ಲಿ 1 ಕಿ.ಮೀ. ಖಾಲಿ ಜಾಗ ದಾಟುವಾಗ ಆಗುವ ನಷ್ಟ ಸುಮಾರು 108 ಡೆಸಿಬೆಲ್. 52ರಿಂದ 108 ಕಳೆದರೆ ಋಣ 56. ಅಂದರೆ ಉಪಕರಣದಲ್ಲಿ ಋಣ 56ರ ಆಸುಪಾಸಿನ ಅಂಕೆ ಕಾಣಬೇಕು. ದೂರ ದುಪ್ಪಟ್ಟಾದರೆ 6 ಡೆಸಿಬೆಲ್ ಕಡಿಮೆಯಾಗಿ, 2 ಕಿ.ಮೀ.ಗೆ ಋಣ 62 ಆಗುತ್ತದೆ.

ಲೆಕ್ಕಕ್ಕಿಂತ ಎರಡು ಮೂರು ಡೆಸಿಬೆಲ್ ಕಡಿಮೆ ಬಂದರೆ ಚಿಂತೆಯಿಲ್ಲ. ಋಣ 75 ಬಂದರೆ 19 ಡೆಸಿಬೆಲ್ ಎಲ್ಲಿಯೋ ಸೋರಿದೆ ಎಂದರ್ಥ. ಪ್ರತಿ 3 ಡೆಸಿಬೆಲ್‌ಗೆ ಶಕ್ತಿ ಅರ್ಧವಾಗುವುದರಿಂದ, ಬರಬೇಕಾದುದರಲ್ಲಿ ಎಂಬತ್ತನೇ ಒಂದು ಪಾಲು ಮಾತ್ರ ಬರುತ್ತಿದೆ. ಆಗಲೂ ಇಂಟರ್ನೆಟ್ ನಡೆಯಬಹುದು. ಜೋಡಿಸಿದವರು ‘ನೋಡಿ, ಬಂತಲ್ಲ’ ಎನ್ನಬಹುದು. ಆದರೆ ಮಳೆಗಾಲಕ್ಕೆ ಉಳಿತಾಯವೇ ಇಲ್ಲದ ಇಂತಹ ಸಂಪರ್ಕವನ್ನು ಒಪ್ಪಬಾರದು. ದಿಕ್ಕು ತಪ್ಪಿದೆಯೇ, ಮರ ಅಡ್ಡ ಇದೆಯೇ, ಒಂದು ಅಂಟೆನಾ ಅಡ್ಡಲಾಗಿ ಇನ್ನೊಂದು ಉದ್ದಲಾಗಿ ಕೂತಿದೆಯೇ ಎಂದು ಹುಡುಕಿಸಬೇಕು.

ಸಂಕೇತದ ಜೊತೆಗೆ ಗದ್ದಲದ ಅಂಕೆಯನ್ನೂ ನೋಡಬೇಕು. ಎರಡರ ನಡುವೆ 25 ಡೆಸಿಬೆಲ್‌ಗಿಂತ ಹೆಚ್ಚಿನ ಅಂತರ ಇದ್ದರೆ ಉತ್ತಮ. ಗದ್ದಲ ಹೆಚ್ಚಿದ್ದರೆ ಬೇರೆ ಚಾನೆಲ್ ಆರಿಸಬೇಕು. ಚಾನೆಲಿನ ಅಗಲವನ್ನು 80ರ ಬದಲು 20 ಮೆಗಾಹರ್ಟ್ಸಿಗೆ ಇಳಿಸಿದರೆ ವೇಗ ಕಡಿಮೆಯಾದರೂ ಸ್ಥಿರತೆ ಹೆಚ್ಚುತ್ತದೆ. ಮೋಟಾರಿಗೂ ತೇವಾಂಶ ಮಾಪಕಕ್ಕೂ ಅತ್ಯಲ್ಪ ವೇಗ ಸಾಕು. ಒಂದು ಕ್ಯಾಮೆರಾಗೆ ಸೆಕೆಂಡಿಗೆ 2 ರಿಂದ 4 ಮೆಗಾಬಿಟ್ ಇದ್ದರೆ ಸಾಕಾಗುತ್ತದೆ.

ತುಂಡು ತುಂಡಾಗಿ ಪರೀಕ್ಷೆ

ಹನಿ ನೀರಾವರಿಯ ಪೈಪಿನಲ್ಲಿ ಸೋರಿಕೆ ಹುಡುಕುವಾಗ ಗೇಟ್ ವಾಲ್ವುಗಳನ್ನು ಒಂದೊಂದಾಗಿ ಮುಚ್ಚಿ ನೋಡುತ್ತೇವೆ. ಇಲ್ಲಿಯೂ ಅದೇ ಕ್ರಮ. ಮೊದಲು ಮನೆಯ ರೂಟರಿಗೇ ತಂತಿ ಹಾಕಿ ವೇಗ ಅಳೆಯಬೇಕು. ಇಲ್ಲಿಯೇ ವೇಗ ಇಲ್ಲದಿದ್ದರೆ ದೋಷ ಇಂಟರ್ನೆಟ್ ಕೊಡುವವರದು. ಎರಡನೆಯದಾಗಿ, ಒಂದು ರೇಡಿಯೊದಿಂದ ಇನ್ನೊಂದಕ್ಕೆ ಪಿಂಗ್ ಮಾಡಬೇಕು. ಒಂದು ಸಾವಿರ ಸಲ ಕಳಿಸಿದರೆ ಒಂದೆರಡಕ್ಕಿಂತ ಹೆಚ್ಚು ಕಳೆದುಹೋಗಬಾರದು, ಉತ್ತರವೂ ಕೆಲವೇ ಮಿಲಿಸೆಕೆಂಡುಗಳಲ್ಲಿ ಬರಬೇಕು. ಮೂರನೆಯದಾಗಿ, ಪಂಪ್ ಮನೆಯಲ್ಲಿ ತಂತಿ ಹಾಕಿ ವೇಗ ಅಳೆಯಬೇಕು. ಕೊನೆಯದಾಗಿ, ಅಲ್ಲಿಯ ವೈಫೈ ಮೇಲೆ ಅಳೆಯಬೇಕು. ಯಾವ ಹಂತದಲ್ಲಿ ಅಂಕೆ ಕುಸಿಯುತ್ತದೋ ದೋಷ ಆ ಹಂತದ್ದು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಟರ ಸುಮಾರಿಗೆ, ಹೀಗೆ ಮೂರು ಹೊತ್ತು ಪರೀಕ್ಷಿಸಬೇಕು. ಗಾಳಿ ಬೀಸುವ ದಿನವೊಂದು ಸಿಕ್ಕರೆ ಇನ್ನೂ ಒಳ್ಳೆಯದು.

ಮೋಟಾರಿನ ವಿಷಯದಲ್ಲಿ ವಿಶೇಷ ಎಚ್ಚರಿಕೆ

ಒಣ ಓಟದಿಂದ ಹಾಗೂ ಫೇಸ್ ತಪ್ಪುವುದರಿಂದ ಮೋಟಾರನ್ನು ಕಾಪಾಡುವ ಸಾಧನಗಳು ಸ್ಟಾರ್ಟರ್ ಪೆಟ್ಟಿಗೆಯಲ್ಲೇ ಇರಬೇಕು. ಇಂಟರ್ನೆಟ್ ಮೂಲಕ ನಿಲ್ಲಿಸಬಹುದೆಂದು ಅವನ್ನು ಕೈಬಿಡಬಾರದು. ಮೋಟಾರು ಓಡುತ್ತಿರುವಾಗ ಬೇಕೆಂತಲೇ ರೇಡಿಯೊವನ್ನು ಆರಿಸಿ ನೋಡಬೇಕು. ನಿಗದಿತ ಸಮಯಕ್ಕೆ ಮೋಟಾರು ತಾನಾಗಿ ನಿಲ್ಲಬೇಕು. ನಿಲ್ಲದಿದ್ದರೆ ಆ ವ್ಯವಸ್ಥೆ ಬಳಕೆಗೆ ಯೋಗ್ಯವಲ್ಲ.

ಇದಕ್ಕಿಂತಲೂ ಮುಖ್ಯವಾದುದು ಮನುಷ್ಯರ ಪ್ರಾಣ. ಹೊಲದಲ್ಲಿ ಒಬ್ಬರು ಪಂಪು ಬಿಚ್ಚಿ ದುರಸ್ತಿ ಮಾಡುತ್ತಿರುವಾಗ, ಅದನ್ನರಿಯದೆ ಮನೆಯಲ್ಲಿದ್ದವರು ಫೋನಿನಿಂದ ಮೋಟಾರು ಹಾಕಿದರೆ ಆಗುವ ಅನಾಹುತ ಊಹಿಸಬಹುದು. ಆದುದರಿಂದ ಪಂಪಿಗೆ ಕೈ ಹಾಕುವ ಮೊದಲು ಮುಖ್ಯ ಸ್ವಿಚ್ಚನ್ನು ಆರಿಸಿ, ಫ್ಯೂಸ್ ತೆಗೆದು ಜೇಬಿನಲ್ಲಿ ಇಟ್ಟುಕೊಳ್ಳಬೇಕು. ‘ಈ ಮೋಟಾರು ದೂರದಿಂದ ಚಾಲನೆಯಾಗುತ್ತದೆ’ ಎಂಬ ಫಲಕವನ್ನು ಪಂಪ್ ಮನೆಯ ಬಾಗಿಲಿಗೆ ಹಾಕಬೇಕು. ಮನೆಯವರಿಗೂ ಆಳುಗಳಿಗೂ ಇದನ್ನು ತಿಳಿಸಿ ಹೇಳಬೇಕು.

ದಾಖಲೆ

ಜೋಡಿಸಿದ ದಿನದ ಸಂಕೇತ, ಗದ್ದಲ, ವೇಗ ಹಾಗೂ ಕಳೆದುಹೋದ ಪಿಂಗುಗಳನ್ನು ಒಂದು ಪುಸ್ತಕದಲ್ಲಿ ಬರೆದು, ಕೆಲಸ ಮಾಡಿದವರ ಸಹಿ ಪಡೆದ ನಂತರವೇ ಪೂರ್ಣ ಹಣ ಪಾವತಿ ಮಾಡಬೇಕು. ಸಾಧ್ಯವಾದರೆ ಸ್ವಲ್ಪ ಭಾಗವನ್ನು ಮೊದಲ ಜೋರು ಮಳೆಯವರೆಗೆ ಉಳಿಸಿಕೊಳ್ಳುವ ಮಾತನ್ನು ಮೊದಲೇ ಆಡಿಕೊಳ್ಳಬೇಕು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳಲ್ಲಿ ಒಮ್ಮೊಮ್ಮೆ ಅದೇ ಅಂಕೆಗಳನ್ನು ಮತ್ತೆ ಬರೆಯಬೇಕು. ತಿಂಗಳಿಂದ ತಿಂಗಳಿಗೆ ನಿಧಾನವಾಗಿ ಕುಸಿದರೆ ಮರ ಬೆಳೆದಿದೆ ಎಂದೂ, ಗಾಳಿ ಮಳೆಯ ಮರುದಿನ ಒಮ್ಮೆಲೇ ಕುಸಿದರೆ ಕಂಬ ತಿರುಗಿದೆ ಅಥವಾ ಕೊಂಡಿಗೆ ನೀರು ಸೇರಿದೆ ಎಂದೂ ಊಹಿಸಬಹುದು. ಮಳೆ ಮಾಪಕದ ಅಂಕೆಗಳನ್ನು ಬರೆದಿಡುವ ರೂಢಿ ಇರುವ ರೈತರಿಗೆ ಇದು ಕಷ್ಟವೇನಲ್ಲ.

ಕೊಳವೆ ಬಾವಿ ಕೊರೆಸುವ ಮುನ್ನ ಜಾಗ ನೋಡಿಸುತ್ತೇವೆ, ಕೊರೆದ ಮೇಲೆ ನೀರು ಎಷ್ಟು ಅಂಗುಲ ಬಂತೆಂದು ಅಳೆದು ನೋಡಿಯೇ ಪಂಪು ಇಳಿಸುತ್ತೇವೆ. ಕಣ್ಣಿಗೆ ಕಾಣದ ಈ ಸಂಪರ್ಕಕ್ಕೂ ಅದೇ ವಿವೇಚನೆ ಬೇಕು. ದಾರಿ ಆರಿಸಿ, ಲೆಕ್ಕ ಹಾಕಿ, ಜೋಡಿಸಿ, ಅಳೆದು ನೋಡಿದ ನಂತರವೇ ಒಪ್ಪಿಕೊಂಡರೆ ರೈತರು ಹಾಕಿದ ಹಣ ಸಾರ್ಥಕವಾಗುತ್ತದೆ.